ಅಂಗೈಯಗಲದ ಸಿಂಥ್‌ನೊಳಗೆ ಒಂದು ತಂಬೂರಿ

ಕಳೆದ ತಿಂಗಳು ಅಮ್ಮನ ತಂಬೂರಿ ರಿಪೇರಿಗೆ ಹೋಯಿತು. ಹಲಸಿನ ಮರದ ಹಳೆಯ ತಂಬೂರಿ. ತಂತಿಗಳನ್ನು ಹೊರುವ ಕುದುರೆ ಅನ್ನುವ ಮರದ ತುಂಡು ಕೂತಿರುವ ಜಾಗದಲ್ಲಿ ಹಲಗೆ ಬಿರುಕು ಬಿಟ್ಟಿತ್ತು. ಸರಿಮಾಡುವವರು ಎರಡು ತಿಂಗಳು ಬೇಕು ಅಂದರು. ಅವಸರ ಮಾಡಿದರೆ ಮರ ಮತ್ತೆ ಸೀಳುತ್ತದೆ, ಹಾಗಾಗಿ ನಾವೂ ಒತ್ತಾಯ ಮಾಡಲಿಲ್ಲ. ಆದರೆ ಪ್ರತಿ ಶನಿವಾರ ಸಂಜೆ ಅಮ್ಮನ ಹತ್ತಿರ ಆರು ಮಕ್ಕಳು ಪಾಠಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಶ್ರುತಿಗೆ ಏನು ಮಾಡೋದು? ಮೊಬೈಲ್‌ನಲ್ಲಿ ಶ್ರುತಿ ಹಾಕಿಕೊಂಡರೆ ಸರಳೆ ಹೇಳುವ ಮಧ್ಯೆ ಯಾರದೋ ಕರೆ ಬರುತ್ತದೆ, ಶ್ರುತಿ ನಿಂತುಹೋಗುತ್ತದೆ, ಮಕ್ಕಳ ಗಮನ ಚೆದುರುತ್ತದೆ.

ಅದೇ ಹೊತ್ತಿಗೆ ಗೆಳೆಯನೊಬ್ಬ ತೆರೆಯದೇ ಇಟ್ಟಿದ್ದ ಒಂದು ಪೆಟ್ಟಿಗೆ ನನ್ನ ಕೈಗೆ ಬಂತು. ಕೋರ್ಗ್ ಕಂಪನಿಯ ನೂಟೆಕ್ಟ್ ಎನ್‌ಟಿಎಸ್-1. 2019ರಲ್ಲಿ ಬಂದ ಪುಟ್ಟ ಡಿಜಿಟಲ್ ಸಿಂಥಸೈಜರ್, ಅಂದರೆ ಎಲೆಕ್ಟ್ರಾನಿಕ್ ಆಗಿ ದನಿ ಹುಟ್ಟಿಸುವ ವಾದ್ಯ. ಚಿಕ್ಕದಾಗಿ ಸಿಂಥ್. ಬಿಡುಗಡೆಯಾದಾಗ ಅಮೆರಿಕದಲ್ಲಿ ಬೆಲೆ ಸುಮಾರು 100 ಡಾಲರ್. ಹೊಸ ದನಿಗಳಿಗೆ ಇದು ಎಷ್ಟರಮಟ್ಟಿಗೆ ಆಗುತ್ತೆ ನೋಡಿ ಹೇಳು ಅಂತ ಗೆಳೆಯ ಕೊಟ್ಟಿದ್ದ. ನೋಡುವುದಾದರೆ ಸುಮ್ನೆ ಗುಂಡಿ ಒತ್ತಿ ನೋಡೋದು ಬೇಡ, ಮನೆಗೆ ಬೇಕಾದ ಒಂದು ಕೆಲಸ ಕೊಟ್ಟು ನೋಡೋಣ ಅನ್ನಿಸಿತು. ಈ ಡಬ್ಬಿ ಅಮ್ಮನಿಗೆ ಶ್ರುತಿ ಹಿಡಿಯಬಲ್ಲದಾ? ನಾಲ್ಕು ಭಾನುವಾರ ಅದಕ್ಕೇ ಹೋದವು.

ಮೊದಲ ಭಾನುವಾರ: ಜೋಡಿಸಿದ್ದು

ಇದು ಕಿಟ್ ರೂಪದಲ್ಲಿ ಬರುತ್ತದೆ. ಬೆಸುಗೆ ಹಾಕುವ ಕೆಲಸ ಇಲ್ಲ. ಚಿಪ್ಪು, ನಾಬು, ಗುಂಡಿ ಎಲ್ಲ ಕೂತಿರುವ ಬೋರ್ಡು ಸಿದ್ಧವಾಗಿಯೇ ಇರುತ್ತದೆ. ಹೊರಗಿನ ಫಲಕಗಳೂ ಸರ್ಕ್ಯೂಟ್ ಬೋರ್ಡಿನವೇ. ಅವನ್ನು ಮುರಿದು ಬಿಡಿಸಿಕೊಂಡು ಸ್ಕ್ರೂ ಹಾಕಿ ಡಬ್ಬಿ ಕಟ್ಟಬೇಕು. ಮುರಿದ ಅಂಚು ಒರಟಾಗಿರುತ್ತದೆ. ನಾನು ಸ್ಯಾಂಡ್ ಪೇಪರ್‌ಗೆ ಸ್ವಲ್ಪ ನೀರು ಮುಟ್ಟಿಸಿ ಉಜ್ಜಿದೆ. ಒಣಗಿದ್ದಾಗ ಉಜ್ಜಿದರೆ ಗಾಜಿನ ನಾರಿನ ಪುಡಿ ಏಳುತ್ತದೆ. ಅದು ಮೂಗಿಗೂ ಕಣ್ಣಿಗೂ ಒಳ್ಳೆಯದಲ್ಲ. ಜೋಡಿಸುವಾಗ ಎಲ್ಲ ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಹಾಕಿ, ಮೂಲೆಗಳು ಸರಿಯಾಗಿ ಕೂತ ಮೇಲೆ ಬಿಗಿ ಮಾಡಿ. ನಾನು ಒಂದು ಕಡೆ ಮೊದಲೇ ಪೂರ್ತಿ ಬಿಗಿ ಮಾಡಿಬಿಟ್ಟು, ಎದುರಿನ ಮೂಲೆ ಕೂರದೆ ಮತ್ತೆ ಬಿಚ್ಚಬೇಕಾಯಿತು. ಒಟ್ಟು ಒಂದು ಗಂಟೆ ಕೂಡ ಹಿಡಿಯಲಿಲ್ಲ.

ಕಟ್ಟಿ ಮುಗಿಸಿದಾಗ ಅಂಗೈ ಮೇಲೆ ಕೂರುವ ಡಬ್ಬಿ. ತೂಕ ಒಂದು ದೊಡ್ಡ ಮೂಸಂಬಿಗಿಂತ ಕಡಿಮೆ. ಮುಂದೆ ಬೆರಳಾಡಿಸುವ ಪಟ್ಟಿಯೇ ಕೀಬೋರ್ಡು. ಒಳಗೊಂದು ಸಣ್ಣ ಸ್ಪೀಕರ್. ಬ್ಯಾಟರಿ ಇಲ್ಲ, ಯುಎಸ್‌ಬಿ ವೈರಿನಿಂದಲೇ ಕರೆಂಟು. ಹಿಂದೆ ಎಲ್ಲಾ ಕಿಂಡಿಗಳೂ ಇಯರ್‌ಫೋನ್ ಅಳತೆಯವು. ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಯಾವ ಸ್ವರ ಅಂತ ಹೇಳಿಕೊಳ್ಳುವ ಮಿಡಿ ಸಂಕೇತ ಕೂಡ ಅದೇ ಸಣ್ಣ ಕಿಂಡಿಯಲ್ಲಿ ಬರುತ್ತದೆ. ಹಾಗಾಗಿ ದೊಡ್ಡ ಕೀಬೋರ್ಡು ಇದಕ್ಕೆ ಸೇರಿಸಬೇಕಾದರೆ ಒಂದು ಅಡಾಪ್ಟರ್ ವೈರ್ ಬೇಕು.

ಮೊದಲಿಗೆ ಅದರಲ್ಲೇ ಇರುವ ದನಿಗಳನ್ನು ಕೇಳಿದೆ. ಗರಗಸದ ಹಲ್ಲಿನ ಆಕಾರದ ಅಲೆ, ತ್ರಿಕೋನ, ಚೌಕ, ಇನ್ನೂ ಎರಡು ಬಗೆ. ಅದರ ಮುಂದೆ ದನಿಯ ಚೂಪು ಕಡಿಮೆ ಮಾಡುವ ಫಿಲ್ಟರ್, ಆಮೇಲೆ ದನಿ ದಪ್ಪ ಮಾಡುವ ಕೋರಸ್, ಮರುಕಳಿಸುವ ಡಿಲೇ, ಮೊಳಗು ಕೊಡುವ ರಿವರ್ಬ್. ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತದೆ. ಈ ಬೆಲೆಗೆ ರಿವರ್ಬ್ ನಿಜವಾಗಿಯೂ ಚೆನ್ನಾಗಿದೆ. ಸಣ್ಣ ಕೋಣೆಯಲ್ಲಿ ಕೂತು ದೇವಸ್ಥಾನದ ಪ್ರಾಕಾರದಲ್ಲಿ ನುಡಿಸಿದ ಹಾಗೆ ಕೇಳಿಸುತ್ತದೆ. ಬೆರಳಿನ ಪಟ್ಟಿಯಲ್ಲಿ ರಾಗ ನುಡಿಸೋದು ಮಾತ್ರ ಕಷ್ಟ. ಗುರುತುಗಳು ಬೆರಳಿಗಿಂತ ಸಣ್ಣವು. ಸ್ವರ ಹಾಕಿ ನೋಡೋಕೆ ಸಾಕು, ಕೀರ್ತನೆ ನುಡಿಸೋಕೆ ಆಗದು.

ದನಿ ಹೇಗೆ ಏರಿ ಇಳಿಯಬೇಕು ಅನ್ನುವುದನ್ನು ತೀರ್ಮಾನಿಸುವ ಎನ್ವಲಪ್ ಅನ್ನು 'ಓಪನ್'ಗೆ ಇಟ್ಟರೆ ಬೆರಳು ತೆಗೆದ ಮೇಲೂ ದನಿ ನಿಲ್ಲುವುದಿಲ್ಲ. ಶ್ರುತಿಗೆ ಬೇಕಾದ್ದು ಇದೇ ಅಲ್ವಾ ಅಂದುಕೊಂಡು ಗರಗಸದ ಅಲೆಯನ್ನು ಐದು ಮನೆ ಶ್ರುತಿಗೆ ಹಾಕಿ, ಫಿಲ್ಟರ್ ಸ್ವಲ್ಪ ಮುಚ್ಚಿ, ಅಡುಗೆಮನೆಯಲ್ಲಿದ್ದ ಅಮ್ಮನನ್ನು ಕರೆದೆ.

ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅರ್ಧ ನಿಮಿಷ ಕೇಳಿದಳು. "ಸ ಸರಿಯಾಗಿದೆ ಕಣೋ. ಆದರೆ ಗಾಂಧಾರ ಎಲ್ಲಿ?" ಅಂದಳು.

ಗಾಂಧಾರದ ಪ್ರಶ್ನೆ

ತಂಬೂರಿ ಹತ್ತಿರ ಕೂತವರಿಗೆ ಇದು ಗೊತ್ತು. ನಾಲ್ಕು ತಂತಿ: ಪಂಚಮ, ಸಾರಣಿ, ಅನುಸಾರಣಿ, ಮಂದ್ರ. ಶ್ರುತಿ ಸೇರಿಸಿರುವುದು ಪ ಮತ್ತು ಸ ಮಾತ್ರ. ಆದರೂ ಚೆನ್ನಾಗಿ ಸೇರಿದ ತಂಬೂರಿಯಲ್ಲಿ ಮಂದ್ರದ ತಂತಿಯಿಂದ ಅಂತರ ಗಾಂಧಾರ ತಾನಾಗಿ ಎದ್ದು ಬರುತ್ತದೆ. ಅದಕ್ಕೇ ಸ್ವಯಂಭೂ ಗಾಂಧಾರ ಅನ್ನುತ್ತಾರೆ. ಲೆಕ್ಕ ಸರಳ. ಐದು ಮನೆ ಅಂದರೆ ಸ ಸುಮಾರು 196 ಹರ್ಟ್ಜ್ (ಸೆಕೆಂಡಿಗೆ 196 ಕಂಪನ), ಮಂದ್ರ ಸ 98. ತಂತಿ ನುಡಿಯುವಾಗ ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಸಣ್ಣ ದನಿಗಳೂ ಜೊತೆಗೆ ಏಳುತ್ತವೆ, ಅವೇ ಉಪಸ್ವರಗಳು. ಅದರ ಐದನೇ ಉಪಸ್ವರ 490 ಹರ್ಟ್ಜ್. ಅದೇ ಅಂತರ ಗಾಂಧಾರ.

ಇಲ್ಲಿ ನನಗೆ ಒಂದು ಗೊಂದಲ ಬಂತು. ಗರಗಸದ ಅಲೆಯಲ್ಲೂ ಐದನೇ ಉಪಸ್ವರ ಇದ್ದೇ ಇರುತ್ತದೆ. ಅದನ್ನು ಒಂದು ಸ್ಥಾಯಿ ಕೆಳಗೆ, ಮಂದ್ರಕ್ಕೇ ಇಳಿಸಿ ನೋಡಿದೆ. ಆಗಲೂ ಅಮ್ಮನಿಗೆ ಗಾಂಧಾರ ಕೇಳಿಸಲಿಲ್ಲ. ನನಗೂ ಕೇಳಿಸಲಿಲ್ಲ. ತುಂಬಾ ಹೊತ್ತು ಯೋಚಿಸಿದ ಮೇಲೆ ಹೊಳೆದದ್ದು ಇಷ್ಟು: ಗರಗಸದ ಅಲೆಯಲ್ಲಿ ಎಲ್ಲ ಉಪಸ್ವರಗಳೂ ಒಟ್ಟಿಗೆ ಎದ್ದು, ಇದ್ದಲ್ಲೇ ನಿಂತುಬಿಡುತ್ತವೆ. ಕಿವಿ ಅವನ್ನೆಲ್ಲ ಸೇರಿಸಿ ಒಂದೇ ದನಿ ಅಂತ ತಗೊಳ್ಳುತ್ತದೆ. ತಂಬೂರಿಯಲ್ಲಿ ಹಾಗಲ್ಲ. ಒಂದೊಂದು ಉಪಸ್ವರ ಒಂದೊಂದು ಗಳಿಗೆಗೆ ಏರಿ ಇಳಿಯುತ್ತದೆ. ಅಲುಗಾಡಿದ್ದು ಮಾತ್ರ ಕಿವಿಗೆ ಬೇರೆಯಾಗಿ ಸಿಗುತ್ತದೆ.

ತಂಬೂರಿಯಲ್ಲಿ ಈ ಕೆಲಸ ಮಾಡುವುದು ಕುದುರೆ ಮತ್ತು ಅದರ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ದಾರದ ಎಳೆ. ಆ ಎಳೆಗೆ ಜೀವ ಅಂತ ಹೆಸರು. ಕುದುರೆಯ ಮೇಲ್ಭಾಗ ಚಪ್ಪಟೆಯೂ ಅಲ್ಲ, ಚೂಪೂ ಅಲ್ಲ. ನಯವಾಗಿ ಬಾಗಿರುತ್ತದೆ. ತಂತಿ ಆಡುವಾಗ ಆ ಬಾಗಿನ ಮೇಲೆ ಮಲಗಿ ಏಳುತ್ತದೆ. ದಾರವನ್ನು ಕೂದಲೆಳೆಯಷ್ಟು ಸರಿಸಿದರೂ ನಾದ ತೆರೆದುಕೊಳ್ಳುತ್ತದೆ ಅಥವಾ ಮುಚ್ಚಿಹೋಗುತ್ತದೆ. ಸಿ.ವಿ. ರಾಮನ್ ಅವರು 1921ರಲ್ಲೇ ತಂಬೂರಿ ಮತ್ತು ವೀಣೆಯ ಬಗ್ಗೆ ಒಂದು ಲೇಖನ ಬರೆದು ಇದನ್ನು ತೋರಿಸಿದ್ದರು. ಸಾಮಾನ್ಯ ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಎರಡು, ನಾಲ್ಕು, ಆರನೇ ಉಪಸ್ವರಗಳು ಬರಬಾರದು. ಯಾಕೆಂದರೆ ಆ ಉಪಸ್ವರಗಳಿಗೆ ನಡುವಿನ ಬಿಂದು ಅಲುಗದ ಜಾಗ. ಆದರೆ ತಂಬೂರಿಯಲ್ಲಿ ಅಂಥ ಉಪಸ್ವರಗಳೂ ಜೋರಾಗಿ ಕೇಳಿಸುತ್ತವೆ. ಕಾರಣ ಆ ಕುದುರೆ. ರಾಮನ್ ಆಗಿನ್ನೂ ಕಲ್ಕತ್ತದಲ್ಲಿದ್ದರು. ಬೆಂಗಳೂರಿಗೆ ಬಂದದ್ದು 1933ರಲ್ಲಿ. ನಮ್ಮ ಮನೆಯ ಮೂಲೆಯಲ್ಲಿ ದಿನಾ ನೋಡುವ ಒಂದು ದಾರದ ಎಳೆಯ ಬಗ್ಗೆ ಅಂಥವರು ಕೂತು ಯೋಚಿಸಿದ್ದರು ಅನ್ನೋದು ನನಗೆ ಇವತ್ತಿಗೂ ಸಂತೋಷ ಕೊಡುವ ವಿಷಯ.

ಸಿಂಥ್‌ನಲ್ಲಿರುವ ಯಾವ ದನಿಯಲ್ಲೂ ಆ ಜೀವ ಇರಲಿಲ್ಲ. ಆದರೆ ಈ ಡಬ್ಬಿಯ ಇನ್ನೊಂದು ಗುಣಕ್ಕಾಗಿಯೇ ನಾನು ಇದನ್ನು ಈ ಕೆಲಸಕ್ಕೆ ಹಚ್ಚಿದ್ದು. ಇದರೊಳಗೆ ನಾವೇ ಬರೆದ ದನಿಯನ್ನು ಹಾಕಬಹುದು. ಕೋರ್ಗ್‌ನವರ ದೊಡ್ಡ ಸಿಂಥ್‌ಗಳಾದ ಪ್ರೊಲಾಗ್, ಮಿನಿಲಾಗ್ ಎಕ್ಸ್‌ಡಿ ಇವುಗಳಲ್ಲಿ ಇರುವ ಡಿಜಿಟಲ್ ಎಂಜಿನ್ನೇ ಇದರಲ್ಲೂ ಇದೆ. ಅದಕ್ಕೆ ಕೋಡ್ ಬರೆಯುವ ಲಾಗ್ ಎಸ್‌ಡಿಕೆ ಅನ್ನುವ ಸಲಕರಣೆಯನ್ನು ಅವರು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಸಿ ಅಥವಾ ಸಿ++ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಂದರೆ ಸಾಕು. ನಮ್ಮ ಆಸಿಲೇಟರ್‌ಗಳಿಗೆ (ದನಿ ಹುಟ್ಟಿಸುವ ಭಾಗಗಳಿಗೆ) ಒಳಗೆ 16 ಜಾಗ ಇವೆ. ಒಂದೊಂದಕ್ಕೆ 32 ಕಿಲೋಬೈಟ್ ಮೆಮೊರಿ. ಸೆಕೆಂಡಿಗೆ 48,000 ಸಲ ಒಂದೊಂದು ಸಂಖ್ಯೆಯನ್ನು ನಮ್ಮ ಕೋಡ್ ಲೆಕ್ಕ ಹಾಕಿ ಕೊಡಬೇಕು. ಉಳಿದ ಫಿಲ್ಟರ್, ರಿವರ್ಬ್ ಎಲ್ಲ ಅದೇ ನೋಡಿಕೊಳ್ಳುತ್ತದೆ.

ಎರಡನೇ ಭಾನುವಾರ: ಒಂಬತ್ತು ಅಲೆಗಳು

ಮೊದಲು ಸುಲಭದ ದಾರಿ ಹಿಡಿದೆ. ಫ್ರಾನ್ಸಿನ ಸಂಗೀತಗಾರ ಜಾನ್-ಕ್ಲೋಡ್ ರಿಸ್ಸೆ ಕಂಪ್ಯೂಟರ್ ಸಂಗೀತದಲ್ಲಿ ಬಳಕೆಗೆ ತಂದ ಒಂದು ಉಪಾಯ ಇದೆ. ಉಪಸ್ವರ ತುಂಬಿದ ಒಂದೇ ಅಲೆಯ ಒಂಬತ್ತು ಪ್ರತಿಗಳನ್ನು ಒಟ್ಟಿಗೆ ನುಡಿಸುವುದು. ಒಂದಕ್ಕೊಂದು ಶ್ರುತಿ ಒಂದಿಷ್ಟೇ ಇಷ್ಟು ಬೇರೆ. ನಾನು ಇಟ್ಟದ್ದು 0.03 ಹರ್ಟ್ಜ್ ಅಂತರ. ಆಗ ಮೂಲ ಸ್ವರ 33 ಸೆಕೆಂಡಿಗೆ ಒಂದು ಸುತ್ತು ಏರಿ ಇಳಿಯುತ್ತದೆ. ಐದನೇ ಉಪಸ್ವರಕ್ಕೆ ಅಂತರವೂ ಐದು ಪಟ್ಟು, ಹಾಗಾಗಿ ಅದು ಏಳು ಸೆಕೆಂಡಿಗಿಂತ ಕಡಿಮೆ ಹೊತ್ತಿಗೆ ಒಂದು ಸುತ್ತು. ಪ್ರತಿ ಉಪಸ್ವರಕ್ಕೂ ಅದರದೇ ನಡೆ ಸಿಗುತ್ತದೆ.

ಕೋಡ್ ಚಿಕ್ಕದು, ಮಧ್ಯಾಹ್ನದೊಳಗೆ ಮುಗಿಯಿತು. ಕಂಪೈಲ್ ಮಾಡಿ, ಯುಎಸ್‌ಬಿ ವೈರ್ ಹಾಕಿ, ಲೈಬ್ರರಿಯನ್ ಅನ್ನುವ ಪ್ರೋಗ್ರಾಮ್ ಮೂಲಕ ಡಬ್ಬಿಗೆ ಕಳಿಸಿದೆ. ಓಎಸ್‌ಸಿ ಗುಂಡಿ ಒತ್ತಿ ಟೈಪ್ ನಾಬ್ ಕೊನೆಯವರೆಗೂ ತಿರುಗಿಸಿದಾಗ ಪುಟ್ಟ ಎಲ್‌ಇಡಿ ಪರದೆಯಲ್ಲಿ ನಾನು ಇಟ್ಟ ಹೆಸರು ಬಂತು. ನಾನು ಬರೆದ ದನಿ ಆ ಡಬ್ಬಿಯಿಂದ ಹೊರಟ ಗಳಿಗೆ ಮೈ ಜುಂ ಅಂದಿತು. ಉಪಸ್ವರಗಳು ಮೆಟ್ಟಿಲಿಳಿದ ಹಾಗೆ ಒಂದಾದ ಮೇಲೊಂದು ಜಾರುತ್ತಿದ್ದವು.

"ಕೇಳೋಕೆ ತುಂಬಾ ಚೆನ್ನಾಗಿದೆ," ಅಂದಳು ಅಮ್ಮ. "ಆದರೆ ಇದರಲ್ಲಿ ಮೀಟು ಎಲ್ಲಿದೆ? ಉಸಿರಾಡೋಕೆ ಜಾಗವೇ ಇಲ್ಲವಲ್ಲ."

ಅವಳು ಹೇಳಿದ್ದು ಸರಿ. ತಂಬೂರಿ ಬರೀ ಗುಂಯ್ ಅನ್ನುವ ನಾದ ಅಲ್ಲ. ಅದಕ್ಕೆ ನಡಿಗೆ ಇದೆ. ಪಂಚಮವನ್ನು ಮಧ್ಯದ ಬೆರಳಲ್ಲಿ, ಉಳಿದ ಮೂರನ್ನು ತೋರುಬೆರಳಲ್ಲಿ ಮೀಟಿ, ಮಂದ್ರ ಆದ ಮೇಲೆ ಸ್ವಲ್ಪ ಬಿಡಬೇಕು. ಹಾಡುವವರು ಆ ಬಿಡುವಿನಲ್ಲೇ ಉಸಿರು ತಗೊಳ್ಳುವುದು. ಈ ಒಂಬತ್ತು ಅಲೆಗಳ ದನಿಯನ್ನು ನಾನು ಅಳಿಸಲಿಲ್ಲ, ಒಂದು ಜಾಗದಲ್ಲಿ ಉಳಿಸಿಕೊಂಡಿದ್ದೇನೆ. ಹಾಡಿಗೆ ಹಿನ್ನೆಲೆಯಾಗಿ ಅದು ಚಂದ. ಶ್ರುತಿಗೆ ಆಗಲಿಲ್ಲ.

ಮೂರನೇ ಭಾನುವಾರ: ತಂತಿ ಕಟ್ಟಿದ್ದು

ಈಗ ನಿಜವಾಗಿ ತಂತಿಯನ್ನೇ ಕಟ್ಟಬೇಕು. ಇದಕ್ಕೆ 1983ರಲ್ಲಿ ಕೆವಿನ್ ಕಾರ್ಪ್ಲಸ್ ಮತ್ತು ಅಲೆಕ್ಸ್ ಸ್ಟ್ರಾಂಗ್ ಪ್ರಕಟಿಸಿದ ಒಂದು ವಿಧಾನ ಇದೆ. ನೋಡೋಕೆ ಮಕ್ಕಳ ಆಟದ ಹಾಗಿದೆ. ಸಂಖ್ಯೆಗಳ ಒಂದು ಸಾಲು ಮಾಡಿಕೊಳ್ಳಿ. ಅದರಲ್ಲಿ ಗೊತ್ತುಗುರಿಯಿಲ್ಲದ ಸದ್ದು ತುಂಬಿ. ಮುಂದಿನಿಂದ ಒಂದೊಂದೇ ಸಂಖ್ಯೆ ತೆಗೆದು ಹೊರಗೆ ಕೊಡಿ. ಕೊಟ್ಟಿದ್ದನ್ನು ಅದರ ಪಕ್ಕದ್ದರ ಜೊತೆ ಸೇರಿಸಿ ಸರಾಸರಿ ಮಾಡಿ ಸಾಲಿನ ಹಿಂದಕ್ಕೆ ಹಾಕಿ. ಅಷ್ಟೇ. ಸಾಲಿನ ಉದ್ದವೇ ತಂತಿಯ ಉದ್ದ. ಸುತ್ತಿ ಸುತ್ತಿ ಬರುವಾಗ ಒರಟು ಸದ್ದು ಮೆತ್ತಗಾಗಿ, ತಂತಿ ಮೀಟಿದ ನಾದ ಉಳಿಯುತ್ತದೆ.

ಮಂದ್ರ ಸ, 98 ಹರ್ಟ್ಜ್‌ಗೆ ಸುಮಾರು 490 ಸಂಖ್ಯೆಗಳ ಸಾಲು ಬೇಕು. ಪಂಚಮಕ್ಕೆ 327ರ ಆಸುಪಾಸು. ಎರಡು ಸಾರಣಿಗೆ 245 ಒಂದೊಂದಕ್ಕೆ. ಗಂಡಸರ ಒಂದು ಮನೆ ಶ್ರುತಿಗೂ ಆಗಲಿ ಅಂತ ನಾಲ್ಕಕ್ಕೂ 1,024 ಸಂಖ್ಯೆಯ ಜಾಗ ಕೊಟ್ಟೆ. ಒಟ್ಟು 16 ಕಿಲೋಬೈಟ್. ಇರುವ 32ರಲ್ಲಿ ಸರಿಯಾಗಿ ಅರ್ಧ. ಉಳಿದರ್ಧ ಕೋಡ್‌ಗೆ ಧಾರಾಳ.

ಮೊದಲ ಸಲ ಮೀಟಿದಾಗ ಟಣ್ ಅಂತ ಬಂತು, ಗಿಟಾರಿಗೆ ಪ್ಲಾಸ್ಟಿಕ್ ಚೂರಿನಿಂದ ಹೊಡೆದ ಹಾಗೆ. ತಂಬೂರಿಯನ್ನು ಹೊಡೆಯುವುದಿಲ್ಲ, ಬೆರಳಿನ ಮಾಂಸದಿಂದ ಸವರುತ್ತೇವೆ. ತುಂಬುವ ಸದ್ದನ್ನು ಮೊದಲೇ ನಾಲ್ಕು ಸಲ ಸರಾಸರಿ ಮಾಡಿ ಮೆತ್ತಗೆ ಮಾಡಿದೆ. ಒಮ್ಮೆಲೇ ಸುರಿಯುವ ಬದಲು ನಿಧಾನಕ್ಕೆ ಬೆರೆಸಿದೆ. ಹಳೆಯ ನಾದವನ್ನು ಅಳಿಸದೆ ಅದರ ಮೇಲೇ ಕೂಡಿಸಿದೆ. ಆಗ ಬೆರಳು ಬಂತು.

ಆದರೆ ಶ್ರುತಿ ಸೇರಲಿಲ್ಲ. ಅಮ್ಮ ಬರುವ ಮೊದಲೇ ನನಗೆ ಗೊತ್ತಾಯಿತು. ಪ ಮತ್ತು ಸ ಒಂದರ ಮೇಲೊಂದು ಕೂರದೆ ಅಲೆಯಾಡುತ್ತಿದ್ದವು.

ತಪ್ಪು ಎಲ್ಲಿ ಅಂತ ಲೆಕ್ಕ ಹಾಕಿದೆ. ಸ್ವರ 196 ಹರ್ಟ್ಜ್ ಇರಬೇಕಾದರೆ ಸಾಲು 244.9 ಸಂಖ್ಯೆಯಷ್ಟು ಉದ್ದ ಇರಬೇಕು. ಸಾಲಿನಲ್ಲಿ 0.9 ಸಂಖ್ಯೆ ಅಂತ ಇರೋದಿಲ್ಲ, ನಾನು 245 ಮಾಡಿದ್ದೆ. ಅದರ ಮೇಲೆ, ಪಕ್ಕದ್ದರ ಜೊತೆ ಸರಾಸರಿ ಮಾಡುವ ಆ ಹೆಜ್ಜೆಯೇ ಅರ್ಧ ಸಂಖ್ಯೆಯಷ್ಟು ತಡ ಮಾಡುತ್ತದೆ. ಅದನ್ನು ಮರೆತಿದ್ದೆ. ಒಟ್ಟು 245.5 ಆಗಿ ಸಾರಣಿ ನಾಲ್ಕು ಸೆಂಟ್‌ಗೂ ಸ್ವಲ್ಪ ಜಾಸ್ತಿ ಇಳಿದಿತ್ತು. ಒಂದು ಸೆಂಟ್ ಅಂದರೆ ಅರ್ಧ ಮನೆಯ ನೂರನೇ ಒಂದು ಪಾಲು. ಪಂಚಮ ಐದು ಸೆಂಟ್ ಇಳಿದಿತ್ತು. ಮಂದ್ರ ಎರಡೂವರೆ. ಒಂದೊಂದು ತಂತಿ ಒಂದೊಂದು ಅಳತೆಗೆ ಇಳಿದಿತ್ತು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಪಂಚಮವನ್ನು ಹಾರ್ಮೋನಿಯಂನಲ್ಲಿ ಇರುವ ಹಾಗೆ ಇಡಲಿಲ್ಲ. ಅಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುತ್ತಾರೆ, ಪ ಎರಡು ಸೆಂಟ್ ಕಡಿಮೆ ಬರುತ್ತದೆ. ಎರಡು ಸೆಂಟ್ ಏನು ಮಹಾ ಅನ್ನಿಸಬಹುದು. ಆದರೆ ಮಂದ್ರದ ಮೂರನೇ ಉಪಸ್ವರವೂ ಪಂಚಮದ ಎರಡನೇ ಉಪಸ್ವರವೂ ಒಂದೇ ಜಾಗದಲ್ಲಿ, 294 ಹರ್ಟ್ಜ್‌ನಲ್ಲಿ ಕೂರಬೇಕು. ಎರಡು ಸೆಂಟ್ ತಪ್ಪಿದರೆ ಅಲ್ಲಿ ಮೂರು ಸೆಕೆಂಡಿಗೆ ಒಂದು ಅಲೆ ಏಳುತ್ತದೆ. ಹಾಡುವವರ ಕಿವಿಗೆ ಅದು ಕಾಲಿಗೆ ಸಿಕ್ಕ ಕಲ್ಲು. ಕೋಡ್‌ನಲ್ಲಿ ಪಂಚಮವನ್ನು ಸಾರಣಿಯ ಮುಕ್ಕಾಲು ಅಂತಲೇ ಇಟ್ಟೆ. ಮೂರು ಭಾಗ, ನಾಲ್ಕು ಭಾಗ, ಬೇರೆ ಲೆಕ್ಕ ಇಲ್ಲ.

ಉಳಿದ ಭಿನ್ನರಾಶಿಯನ್ನು ಸರಿಮಾಡೋಕೆ ಎರಡು ಸಂಖ್ಯೆಗಳ ನಡುವಿನ ಬೆಲೆಯನ್ನು ಅಂದಾಜು ಮಾಡಿ ತೆಗೆದೆ. ಶ್ರುತಿ ಸರಿಹೋಯಿತು. ಆದರೆ ಈಗ ಪಂಚಮ ಝೇಂಕರಿಸುತ್ತಿತ್ತು, ಎರಡೂ ಸಾರಣಿ ಬೇಗ ಮಂಕಾಗುತ್ತಿದ್ದವು. ಇದಕ್ಕೆ ಕಾರಣ ಸಿಗೋಕೆ ರಾತ್ರಿ ಹನ್ನೊಂದಾಯಿತು. ನಡುವಿನ ಬೆಲೆ ತೆಗೆಯುವುದು ಅಂದರೆ ಅದೂ ಒಂದು ಸರಾಸರಿಯೇ. ಅದು ಸಣ್ಣ ಉಪಸ್ವರಗಳನ್ನು ತಿನ್ನುತ್ತದೆ. ಭಿನ್ನರಾಶಿ ಅರ್ಧಕ್ಕೆ ಹತ್ತಿರ ಇದ್ದಷ್ಟೂ ಜಾಸ್ತಿ ತಿನ್ನುತ್ತದೆ. ಸಾರಣಿಯ ಸಾಲು 244.4, ಪಂಚಮದ್ದು 326.03. ಅದಕ್ಕೇ ಒಂದು ಮಂಕು, ಒಂದು ಝಗಝಗ. ಆ ಜಾಗದಲ್ಲಿ ಆಲ್‌ಪಾಸ್ ಅನ್ನುವ ಬಗೆಯ ಫಿಲ್ಟರ್ ಹಾಕಿದೆ. ಅದು ದನಿಯನ್ನು ತಡ ಮಾಡುತ್ತದೆ, ಆದರೆ ಯಾವ ಉಪಸ್ವರವನ್ನೂ ಕುಗ್ಗಿಸುವುದಿಲ್ಲ. ನಾಲ್ಕೂ ತಂತಿಗಳು ಒಂದೇ ಮನೆಯವರಂತಾದವು.

ನಾಲ್ಕನೇ ಭಾನುವಾರ: ಜೀವ

ಕುದುರೆಯನ್ನು ಸಂಖ್ಯೆಯಲ್ಲಿ ಹೇಗೆ ಕೂರಿಸುವುದು? ತಂತಿ ಕೆಳಗೆ ಬಂದಾಗ ಬಾಗಿದ ಕುದುರೆಯ ಮೇಲೆ ಸ್ವಲ್ಪ ಮಲಗುತ್ತದೆ. ಮಲಗಿದಷ್ಟು ಹೊತ್ತು ಆಡುವ ತಂತಿ ಗಿಡ್ಡವಾಗುತ್ತದೆ. ಮೇಲೆ ಹೋದಾಗ ಮತ್ತೆ ಪೂರ್ತಿ ಉದ್ದ. ಹಾಗಾದರೆ ಸಾಲಿನಿಂದ ಸಂಖ್ಯೆ ತೆಗೆಯುವ ಜಾಗವನ್ನು ತಂತಿಯ ಆ ಗಳಿಗೆಯ ಬೆಲೆಗೆ ತಕ್ಕ ಹಾಗೆ ಹಿಂದೆ ಮುಂದೆ ಮಾಡಿದರೆ ಸಾಕು. ಬೆಲೆ ಸೊನ್ನೆಗಿಂತ ಕೆಳಗಿದ್ದರೆ ಸಾಲು ಇಷ್ಟು ಗಿಡ್ಡ, ಇಲ್ಲದಿದ್ದರೆ ಇದ್ದಷ್ಟೇ. ಇಷ್ಟು ಅನ್ನುವುದನ್ನು ಎ ನಾಬ್‌ಗೆ ಕೊಟ್ಟೆ. ಅದೇ ನನ್ನ ದಾರದ ಎಳೆ.

ನಾಬ್ ಸೊನ್ನೆಯಲ್ಲಿದ್ದಾಗ ಬರೀ ತಂತಿ. ನಿಧಾನಕ್ಕೆ ತಿರುಗಿಸುತ್ತ ಬಂದೆ. ಕಾಲು ಭಾಗ ದಾಟಿದ ಮೇಲೆ ದನಿಯ ಒಳಗಿಂದ ಇನ್ನೊಂದು ದನಿ ಬಿಚ್ಚಿಕೊಂಡಿತು. ಮೀಟಿದ ತಕ್ಷಣ ಇಲ್ಲ, ಒಂದು ಗಳಿಗೆ ಬಿಟ್ಟು, ಮೇಲಿನಿಂದ ಜಾರುತ್ತ ಬರುವ ಝೇಂಕಾರ. ನಿಜವಾದ ತಂಬೂರಿಯಲ್ಲಿ ದಾರ ಸರಿಸುವಾಗ ಒಂದು ಜಾಗದಲ್ಲಿ ಹೀಗೇ ಆಗುತ್ತದೆ. ನಾನು ಚಿಕ್ಕವನಿದ್ದಾಗ ಅಮ್ಮ ದಾರ ಸರಿಸುತ್ತ, ನಾನು ತಂತಿ ಮೀಟುತ್ತ ಕೂರುತ್ತಿದ್ದೆವು. ಬೆರಳಿಗೆ ಅದೆಲ್ಲ ನೆನಪಿತ್ತು. ನಾಬ್ ಅಲ್ಲೇ ಬಿಟ್ಟೆ.

ಅಮ್ಮ ಬಂದಳು. ಕೇಳಿದಳು. "ಮೀಟಿದ ತಕ್ಷಣ ಶ್ರುತಿ ಏರಿ ಆಮೇಲೆ ಇಳಿಯುತ್ತೆ, ಕೇಳಿಸ್ತಾ?"

ನನಗೆ ಕೇಳಿಸಿರಲಿಲ್ಲ. ಕಣ್ಣು ಮುಚ್ಚಿ ಮತ್ತೆ ಕೇಳಿದೆ. ಹೌದು. ತಂತಿ ಜೋರಾಗಿ ಆಡುವಾಗ ಸಾಲು ಹೆಚ್ಚು ಹೊತ್ತು ಗಿಡ್ಡ ಇರುತ್ತದೆ, ಅಂದರೆ ಸರಾಸರಿ ಶ್ರುತಿ ಮೇಲೆ. ನಾದ ಕುಗ್ಗಿದಂತೆ ಶ್ರುತಿ ಇಳಿಯುತ್ತದೆ. ಜೋರಾಗಿ ಮೀಟಿದರೆ ನಿಜವಾದ ತಂತಿಯಲ್ಲೂ ಇದು ತುಸು ಆಗುತ್ತದೆ, ನನ್ನದರಲ್ಲಿ ಅತಿಯಾಗಿತ್ತು. ಆ ಗಿಡ್ಡವಾಗುವುದರ ಸರಾಸರಿಯನ್ನು ಪ್ರತಿ ಕ್ಷಣ ಲೆಕ್ಕ ಹಾಕುತ್ತ, ಅಷ್ಟನ್ನೇ ಸಾಲಿಗೆ ವಾಪಸ್ ಸೇರಿಸಿದೆ. ಜೊತೆಗೆ ಮೀಟಿನ ಜೋರು ಕಡಿಮೆ ಮಾಡಿದೆ. ಶ್ರುತಿ ನಿಂತಿತು.

ಎರಡೂ ಸಾರಣಿ ತಂತಿಗಳು ಅಚ್ಚು ಹಾಕಿದ ಹಾಗೆ ಒಂದೇ ಇದ್ದವು. ಒಂದೇ ತಂತಿಯನ್ನು ಎರಡು ಸಲ ಮೀಟಿದ ಹಾಗಿತ್ತು. ಅನುಸಾರಣಿಯನ್ನು 0.15 ಹರ್ಟ್ಜ್ ಏರಿಸಿ ನೋಡಿದೆ, ಅಮ್ಮ ತಲೆ ಅಲ್ಲಾಡಿಸಿದಳು. 0.05ಕ್ಕೆ ಇಳಿಸಿದೆ. ಎರಡು ತಂತಿ ಸೇರಿ ಒಂದು ಸುತ್ತು ಬರೋಕೆ 20 ಸೆಕೆಂಡು. "ಇದು ಇರಲಿ," ಅಂದಳು.

ಆ ದಿನ ಇನ್ನೊಂದು ತಪ್ಪೂ ಹೊರಬಿತ್ತು. ಇದು ಈ ಸಿಂಥ್‌ಗೆ ಕೋಡ್ ಬರೆಯುವವರಿಗೆ ಉಪಯೋಗಕ್ಕೆ ಬರುತ್ತದೆ. ಶ್ರುತಿಯನ್ನು ಸಣ್ಣದಾಗಿ ಏರಿಸಿ ಇಳಿಸೋಕೆ ಒಂದು ಆಯ್ಕೆ ಇಟ್ಟಿದ್ದೆ, ಮೈನಸ್ 100ರಿಂದ 100 ಸೆಂಟ್ ತನಕ. ಅದನ್ನು ಸೇರಿಸಿದ ಮೇಲೆ ಐದು ಮನೆಗೆ ಇಟ್ಟರೆ ಐದೂವರೆ ಮನೆ ನುಡಿಯುತ್ತಿತ್ತು. ಸರಿಯಾಗಿ ಅರ್ಧ ಮನೆ ಮೇಲೆ. ಪರದೆಯಲ್ಲಿ ಸೊನ್ನೆ ಅಂತಲೇ ಇತ್ತು. ವಿಷಯ ಏನಂದರೆ, ಮೈನಸ್ ಇರುವ ಶೇಕಡಾ ಆಯ್ಕೆಗಳನ್ನು ಡಬ್ಬಿ ನಮ್ಮ ಕೋಡ್‌ಗೆ ಸೊನ್ನೆಯಿಂದ 200ರ ತನಕದ ಸಂಖ್ಯೆಯಾಗಿ ಕಳಿಸುತ್ತದೆ. ಪರದೆಯ ಸೊನ್ನೆ ಅಂದರೆ ನಮಗೆ ಬರುವುದು 100. ಅದರಿಂದ 100 ಕಳೆಯಬೇಕು. ನಾನು ಕಳೆದಿರಲಿಲ್ಲ, 100 ಸೆಂಟ್ ಏರಿತ್ತು. ಒಂದು ಸಾಲು ಬದಲಿಸಿದರೆ ಮುಗಿಯಿತು.

ಕರೆಂಟು, ಸ್ಪೀಕರ್, ಮತ್ತೆ ಉಳಿದದ್ದು

ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ನುಡಿಸಿದಾಗ ಹಿನ್ನೆಲೆಯಲ್ಲಿ ಕೀಂ ಅನ್ನುವ ಸದ್ದು ಬರುತ್ತಿತ್ತು. ಅದು ಲ್ಯಾಪ್‌ಟಾಪಿನ ಯುಎಸ್‌ಬಿ ಕರೆಂಟಿನಿಂದ ಬರುವ ಗಲಾಟೆ. ಪವರ್ ಬ್ಯಾಂಕ್‌ಗೆ ಬದಲಿಸಿದರೆ ಪೂರ್ತಿ ಮೌನ. ಕೋಡ್ ಕಳಿಸುವಾಗ ಮಾತ್ರ ಲ್ಯಾಪ್‌ಟಾಪ್, ನುಡಿಸುವಾಗ ಪವರ್ ಬ್ಯಾಂಕ್ ಅಂತ ಇಟ್ಟುಕೊಂಡಿದ್ದೇನೆ. ಆದರೆ ಕೆಲವು ಹೊಸ ಪವರ್ ಬ್ಯಾಂಕ್‌ಗಳು ಕಡಿಮೆ ಕರೆಂಟು ಹೋಗುತ್ತಿದ್ದರೆ ಫೋನ್ ಚಾರ್ಜ್ ಆಯಿತು ಅಂದುಕೊಂಡು ತಾನಾಗೇ ಆಫ್ ಆಗುತ್ತವೆ. ನನ್ನದು ಹಾಗೇ ಮಾಡಿತು. ಮನೆಯಲ್ಲಿದ್ದ ಹಳೆಯ ಪವರ್ ಬ್ಯಾಂಕ್‌ಗೆ ಆ ಬುದ್ಧಿ ಇಲ್ಲ, ಅದು ಸರಿಯಾಗಿ ಕೆಲಸ ಮಾಡುತ್ತಿದೆ.

ಒಳಗಿನ ಸ್ಪೀಕರ್‌ನಲ್ಲಿ 98 ಹರ್ಟ್ಜ್ ಬರೋದೇ ಇಲ್ಲ. ಆದರೂ ಮಂದ್ರ ಕೇಳಿಸುತ್ತದೆ. ಮೇಲಿನ ಉಪಸ್ವರಗಳು ಸರಿಯಾಗಿದ್ದರೆ ಕೆಳಗಿನ ಸ್ವರವನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಒಬ್ಬರೇ ಅಭ್ಯಾಸ ಮಾಡೋಕೆ ಅಷ್ಟು ಸಾಕು. ಆರು ಮಕ್ಕಳ ಮುಂದೆ ಸಾಲದು. ಹಳೇ ಕಂಪ್ಯೂಟರ್ ಸ್ಪೀಕರ್ ಜೋಡಿಯನ್ನು ವೈರ್ ಹಾಕಿ ಸೇರಿಸಿದೆ. ರಿವರ್ಬ್ ಮೊದಲಿಗೆ ಜಾಸ್ತಿ ಇಟ್ಟಿದ್ದೆ, ಅಮ್ಮ ಅದನ್ನು ಪೂರ್ತಿ ತೆಗೆಸಿದಳು. ಜೀವ ಇದ್ದ ಮೇಲೆ ಅದು ಬೇಕಾಗಲೂ ಇಲ್ಲ.

ಗೆಳೆಯನಿಗೆ ಹೇಳಿದ್ದು ಇದು: ಈ ಡಬ್ಬಿಯನ್ನು ಬರೀ ಅದರಲ್ಲಿರುವ ದನಿಗಳಿಗಾಗಿ ಕೊಳ್ಳುವುದಾದರೆ, ಒಳ್ಳೆಯ ಕೀಬೋರ್ಡು ಮೊದಲೇ ಇದ್ದರೆ ಮಾತ್ರ ತಗೋ. ಕೋಡ್ ಬರೆಯೋಕೆ ಮನಸ್ಸಿದ್ದರೆ ಯೋಚನೆ ಮಾಡಬೇಡ. 2024ರಲ್ಲಿ ಇದರ ಎರಡನೇ ಆವೃತ್ತಿ ಬಂದಿದೆ. ಹಳೆಯದಕ್ಕೆ ಕಟ್ಟಿದ ಫೈಲು ಹೊಸದಕ್ಕೆ ಹಾಗೇ ಹೋಗುವುದಿಲ್ಲ, ಕೋಡನ್ನು ಹೊಸ ಎಸ್‌ಡಿಕೆಗೆ ಹೊಂದಿಸಿ ಮತ್ತೆ ಕಟ್ಟಬೇಕು. ಇನ್ನು ಶ್ರುತಿಯೊಂದೇ ಬೇಕು ಅನ್ನುವವರಿಗೆ ಅಂಗಡಿಯಲ್ಲಿ ಸಿಗುವ ಎಲೆಕ್ಟ್ರಾನಿಕ್ ತಂಬೂರಿಯೇ ನೇರ ದಾರಿ. ಅದು ಹುಟ್ಟಿದ್ದೂ ನಮ್ಮ ಬೆಂಗಳೂರಿನಲ್ಲೇ, ಎಪ್ಪತ್ತರ ದಶಕದ ಕೊನೆಗೆ, ಕೊಳಲು ನುಡಿಸುತ್ತಿದ್ದ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರ ಕೈಯಲ್ಲಿ. ನನಗೆ ಬೇಕಾಗಿದ್ದು ನಮ್ಮ ಮನೆಯ ತಂಬೂರಿಯ ನಡಿಗೆ, ಅಮ್ಮ ದಾರ ಇಡುವ ಜಾಗ. ಅದನ್ನು ನಾನೇ ಕೂರಿಸಬೇಕಿತ್ತು.

ಮೊನ್ನೆ ಶನಿವಾರ ಪಾಠಕ್ಕೆ ಮೊದಲು ಅಮ್ಮ ಒಬ್ಬಳೇ ಚಾಪೆ ಮೇಲೆ ಕೂತು ಡಬ್ಬಿಯನ್ನು ಮುಂದಿಟ್ಟುಕೊಂಡಳು. ಪ, ಸ, ಸ, ಮಂದ್ರ ಸ. ಬಿಡುವು. ಮತ್ತೆ ಪ. ಕಣ್ಣು ಮುಚ್ಚಿ ನಾಲ್ಕು ಸುತ್ತು ಕೇಳಿದಳು. ಐದನೇ ಸುತ್ತಿನಲ್ಲಿ ಮಂದ್ರ ಮೀಟಿ ನಾದ ಇಳಿಯುತ್ತಿರುವಾಗ ಮೆಲ್ಲಗೆ ಬಾಯಿ ತೆರೆದು ಗಾಂಧಾರ ಹಿಡಿದಳು. ಅವಳ ಗಾಂಧಾರ, ಡಬ್ಬಿಯ ಗಾಂಧಾರ ಎರಡೂ ಒಂದೇ ಜಾಗದಲ್ಲಿ ಕೂತವು. ನಾನು ಬಾಗಿಲ ಹತ್ತಿರ ನಿಂತಿದ್ದೆ.

"ಸೇರ್ತು," ಅಂದಳು. ಆಮೇಲೆ ಪುಸ್ತಕದ ಪುಟ ತಿರುಗಿಸುತ್ತ, "ಮುಂದಿನ ವಾರ ಪುನ್ನಾಗವರಾಳಿ ರಾಗ ಶುರು ಮಾಡ್ತೀನಿ. ಅದಕ್ಕೆ ಮಧ್ಯಮ ಶ್ರುತಿ ಬೇಕು. ಪಂಚಮದ ತಂತಿಯನ್ನ ಮಧ್ಯಮಕ್ಕೆ ಇಳಿಸೋಕಾಗುತ್ತಾ ಇದರಲ್ಲಿ?"

ಆಗುತ್ತೆ. ಮಂದ್ರದ 4/3 ಪಟ್ಟು, 130.67 ಹರ್ಟ್ಜ್, ಸಾಲಿನ ಉದ್ದ ಸುಮಾರು 367. ಬಿ ನಾಬ್ ಇನ್ನೂ ಖಾಲಿ ಇದೆ.